ಮೂವತ್ತೇಳನೆಯ ಚಿತ್ರ

ಮೂವರು ಬಂದು ನಿಂತರೆ ಲಾಮ್ ಕ್ಯಾಮೆರಾ ಎತ್ತುತ್ತಲೇ ಇರಲಿಲ್ಲ. "ಒಬ್ಬರು ಈಚೆ ಬನ್ನಿ," ಎನ್ನುತ್ತಿದ್ದ. ಮೂವರು ಒಟ್ಟಿಗೆ ಚಿತ್ರ ತೆಗೆಸಿಕೊಂಡರೆ ನಡುವೆ ನಿಂತವರು ಮೊದಲು ತೀರಿಹೋಗುತ್ತಾರೆ ಎಂಬುದು ಹನೋಯ್ ನಗರದಲ್ಲಿ ಎಲ್ಲರಿಗೂ ಗೊತ್ತು. ಆದರೂ ಕೆರೆ ದಂಡೆಯ ಉಳಿದ ಫೋಟೋದವರು ಗಿರಾಕಿಯೇ ಬಾಯಿಬಿಟ್ಟು ಹೇಳದಿದ್ದರೆ ಸುಮ್ಮನೆ ಗುಂಡಿ ಒತ್ತಿಬಿಡುತ್ತಿದ್ದರು. ಲಾಮ್ ಒತ್ತುತ್ತಿರಲಿಲ್ಲ. ಅವನಿಗೆ ಕೆಲಸ ಕಲಿಸಿದ ಅಪ್ಪ ಒತ್ತಿದವನಲ್ಲ. ಅಪ್ಪನೂ ಇದೇ ಬೇವಿನಂಥ ಮರದ ಕೆಳಗೆ, ನೀರಿನ ನಡುವಿನ ಇದೇ ಆಮೆಗೋಪುರವನ್ನು ಜನರ ಬೆನ್ನ ಹಿಂದೆ ಇಟ್ಟು ಮೂವತ್ತು ವರ್ಷ ದುಡಿದವನು.

ಪಕ್ಕದ ಮರದ ಖಿಯೆಮ್‌ನ ದಾರಿ ಬೇರೆ. ಮೂವರು ಬಂದರೆ ಅವನು ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಟ್ಟು ತಾನೇ ಓಡಿಹೋಗಿ ನಾಲ್ಕನೆಯವನಾಗಿ ನಿಂತುಬಿಡುತ್ತಿದ್ದ.

"ಎಷ್ಟು ಮನೆ ಗೋಡೆ ಮೇಲೆ ನಾನಿದೀನಿ ಗೊತ್ತಾ ಲಾಮಣ್ಣ? ದೇಶದ ತುಂಬ ನಂಗೆ ನೆಂಟರು. ಒಂದು ದಿನ ಹೊರಟ್ರೆ ಊಟಕ್ಕೆ ಕೊರತೆ ಇಲ್ಲ."

ಲಾಮ್‌ಗೆ ಅದು ಆಗದ ಮಾತು. ಐವತ್ತೆಂಟು ವರ್ಷವಾದರೂ ಕ್ಯಾಮೆರಾದ ಮುಂಭಾಗಕ್ಕೆ ಹೋಗಿ ನಿಂತರೆ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಒಬ್ಬರನ್ನು ಈಚೆ ಕರೆಯುವುದೇ ಸುಲಭ. ಹಾಗೆ ಎಷ್ಟು ಜನರನ್ನು ಈಚೆ ಕರೆದಿದ್ದಾನೋ ಅವನು ಎಂದೂ ಯೋಚಿಸಿರಲಿಲ್ಲ.

ಅಲ್ಲಿನ ಪಂಚಾಂಗದಲ್ಲಿ ಅದು ಇಲಿಯ ವರ್ಷದ ಮೊದಲ ತಿಂಗಳು. ಹೊಸವರ್ಷದ ಹಬ್ಬ ಮುಗಿದು ಹಳ್ಳಿಗಳಿಂದ ಬಸ್ಸುಗಳು ಬರುವ ಕಾಲ. ಬೆಳಗಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಬೀಳುತ್ತಿತ್ತು. ಲಾಮ್ ಚಹಾದಂಗಡಿಯ ಮೋಟು ಸ್ಟೂಲಿನ ಮೇಲೆ ಕೂತು ಲೆನ್ಸ್ ಒರೆಸುತ್ತಿದ್ದಾಗ ಒಬ್ಬ ಹೆಂಗಸು ಬಂದು ಎದುರು ನಿಂತಳು. ಐವತ್ತರ ಆಸುಪಾಸು. ಕಂದು ರವಿಕೆ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಆ ಬಟ್ಟೆಯ ಮೇಲೆ ಸೂತಕದ ಬಿಳಿಯ ಒಂದು ಪಟ್ಟಿ. ಕೈಯಲ್ಲಿ ಹಳೆಯ ಅಂಚೆ ಲಕೋಟೆ. ಲಕೋಟೆಯ ಮೇಲಿನ ಅಕ್ಷರ ಲಾಮ್‌ನದೇ.

"ಇದನ್ನ ಕಳಿಸಿದ್ದು ನೀವೇ ಏನಣ್ಣಾ?"

"ನಾನೇ. ಯಾಕೆ ತಂಗಿ, ಬಣ್ಣ ಹೋಗಿದ್ಯಾ?"

"ಬಣ್ಣ ಚೆನ್ನಾಗಿದೆ." ಅವಳು ಒಳಗಿನಿಂದ ಚಿತ್ರ ತೆಗೆದಳು. ಆಮೆಗೋಪುರ, ಅದರ ಮುಂದೆ ಅವಳು, ಅವಳ ಪಕ್ಕ ಒಬ್ಬ ಯುವಕ. "ಇದು ನಾನು. ಇವನು ನನ್ನ ಮಗ. ನಾವು ಮೂವರು ಬಂದಿದ್ವಿ. ನೀವು ಮೂವರಾಗಲ್ಲ ಅಂದ್ರಿ. ನನ್ನ ಮಗಳು ಪಕ್ಕಕ್ಕೆ ನಿಂತ್ಲು."

ಲಾಮ್ ತಲೆಯಾಡಿಸಿದ. ನೆನಪಾಗಿರಲಿಲ್ಲ. ಆದರೆ ಹಾಗೆ ಹೇಳಿರುವುದು ತಾನೇ ಎಂಬುದರಲ್ಲಿ ಅನುಮಾನವಿರಲಿಲ್ಲ.

ಹೆಂಗಸಿನ ಹೆಸರು ಲುವಾ. ಊರು ಥಾಯ್ ಬಿನ್ ಕಡೆ, ನದಿಯಾಚೆ. ಎರಡು ವರ್ಷದ ಹಿಂದೆ, ನಾಯಿಯ ವರ್ಷದಲ್ಲಿ, ಊರಿನವರೆಲ್ಲ ಸೇರಿ ಬಸ್ಸು ಮಾಡಿಕೊಂಡು ರಾಜಧಾನಿ ನೋಡಲು ಬಂದಿದ್ದರು. ಬೆಳಗ್ಗೆ ಸಮಾಧಿಭವನ, ಆಮೇಲೆ ಒಂಟಿಕಂಬದ ಪಗೋಡ, ಆಮೇಲೆ ಕಲ್ಲಿನ ಆಮೆಗಳಿರುವ ವಿದ್ಯಾದೇಗುಲ, ಕೊನೆಗೆ ಈ ಕೆರೆ. ಮಗಳು ಮಿಯೆನ್‌ಗೆ ಆಗ ಹದಿನೆಂಟು. ಮರುವರ್ಷ ಎರಡನೆಯ ತಿಂಗಳಲ್ಲಿ, ಮಂಜು ಮುಸುಕಿದ ಬೆಳಗ್ಗೆ, ಸಂತೆಗೆ ಹೊರಟ ದೋಣಿ ನದಿಯ ನಡುವೆ ಮರಳಿನ ದೋಣಿಗೆ ಬಡಿದು ಮಗುಚಿತ್ತು. ಹನ್ನೊಂದು ಜನರಲ್ಲಿ ಒಂಬತ್ತು ಜನ ಸಿಕ್ಕರು. ಮಿಯೆನ್ ಸಿಗಲಿಲ್ಲ. ಗುರುತಿನ ಚೀಟಿ ಅವಳ ಜೇಬಿನಲ್ಲೇ ಇತ್ತು.

ಇದನ್ನೆಲ್ಲ ಲುವಾ ಬೇರೆ ಯಾರದೋ ಮನೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು. ಚಹಾದಂಗಡಿಯ ಮುದುಕಿ ಒಂದು ಸ್ಟೂಲನ್ನು ಕಾಲಿನಿಂದಲೇ ಅವಳತ್ತ ತಳ್ಳಿದಳು. ಲುವಾ ಕೂರಲಿಲ್ಲ.

"ಇನ್ನು ಹನ್ನೆರಡು ದಿನಕ್ಕೆ ವರ್ಷದ ತಿಥಿ. ಹಿರಿಯರ ಪೀಠದ ಮೇಲೆ ಇಡೋಕೆ ಅವಳ ಮುಖ ಇಲ್ಲ. ಹೆಸರು ಬರೆದ ಕಾಗದ ಇಟ್ಟಿದೀನಿ. ಕಾಗದಕ್ಕೆ ಕೈಮುಗಿಯೋದು ಹೇಗಣ್ಣ?"

"ಬೇರೆ ಯಾವ ಚಿತ್ರನೂ..."

"ಸಮಾಧಿಭವನದ ಮುಂದೆ ಇಡೀ ಬಸ್ಸಿನವರದ್ದು ಒಂದು ತೆಗೆಸಿದ್ರು. ಅವಳು ಹಿಂದಿನ ಸಾಲಲ್ಲಿದ್ಲು. ಅವಳ ಮುಂದೆ ನಮ್ಮೂರ ಮೇಷ್ಟ್ರ ಟೋಪಿ. ಒಂದು ಕಿವಿ ಕಾಣುತ್ತೆ, ಅಷ್ಟೇ. ಅದನ್ನ ಬೆಳಗ್ಗೆ ಹಳೇಪೇಟೆಗೆ ತಗೊಂಡು ಹೋಗಿದ್ದೆ. ಇದ್ದಿಲಲ್ಲಿ ಮುಖ ಬರೀತಾರಲ್ಲ, ಅವರ ಹತ್ರ. ಅಮ್ಮಾ, ಕಿವಿಯಿಂದ ಮುಖ ಬರೆಯೋಕೆ ಬರಲ್ಲ ಅಂದ್ರು."

ಖಿಯೆಮ್ ನಗಲು ಹೋಗಿ ತಡೆದುಕೊಂಡ. ಲುವಾ ಲಕೋಟೆಯನ್ನು ಮಡಚಿ ಮತ್ತೆ ಬಿಡಿಸಿದಳು.

"ಆದ್ರೆ ನಿಮ್ಮ ಹತ್ರ ಇದೆ," ಎಂದಳು. "ನಾನು ಕಡಲೆಮಿಠಾಯಿ ತರೋಕೆ ಹೋಗಿದ್ದಾಗ ನೀವು ಅವಳದ್ದೊಂದು ತೆಗೆದ್ರಂತೆ, ಒಬ್ಬಳದ್ದೇ. ಬಸ್ಸಲ್ಲಿ ಹೇಳಿದ್ಲು. ಆಮೇಲೆ ಈ ಲಕೋಟೆ ಬಂತು, ಒಳಗೆ ನಮ್ಮಿಬ್ಬರದ್ದು ಮಾತ್ರ. ನನ್ನದು ಬೇರೆ ಬರುತ್ತೆ ಅಂದ್ಲು. ಅಂಚೆಯವನು ಬಂದಾಗಲೆಲ್ಲ ಏಣಿ ಮೇಲಿದ್ರೂ ಸರಿ, ಗದ್ದೆಯಲ್ಲಿದ್ರೂ ಸರಿ, ಓಡಿಬರೋಳು. ಮರೆತಿರ್ತೀರಿ ಅಂತ ನಾನೇ ಸಮಾಧಾನ ಮಾಡಿದ್ದೆ. ಅದು ನಿಮ್ಮ ಹತ್ರ ಇರುತ್ತೆ, ಅಲ್ವಾ?"

"ಫಿಲ್ಮ್ ಒಂದನ್ನೂ ಎಸೆದಿಲ್ಲ," ಎಂದ ಲಾಮ್. ಅದು ನಿಜ. ಹೇಳುವಾಗ ಅವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಅವನ ಕೋಣೆ ಬೆಳ್ಳಿಕೇರಿಯ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ. ಮೆಟ್ಟಿಲಲ್ಲಿ ಕತ್ತಲಿತ್ತು, ಲುವಾ ಗೋಡೆ ಹಿಡಿದು ಅವನ ಹಿಂದೆ ಹತ್ತಿದಳು. ಖಿಯೆಮ್ ಕರೆಯದೆಯೇ ಜೊತೆಗೆ ಬಂದ. ಒಳಗೆ ಬಿಸ್ಕತ್ತಿನ ತಗಡಿನ ಡಬ್ಬಗಳು ಸೂರಿನವರೆಗೂ ಇದ್ದವು. ಪ್ರತಿ ಡಬ್ಬದ ಮೇಲೆ ವರ್ಷ ಮತ್ತು ತಿಂಗಳು. ತೇವ ಹೀರಲೆಂದು ಪ್ರತಿ ಡಬ್ಬದಲ್ಲೂ ಹುರಿದ ಅಕ್ಕಿಯ ಒಂದು ಸಣ್ಣ ಗಂಟು. ನಾಯಿಯ ವರ್ಷ, ಮೊದಲ ತಿಂಗಳು. ಲಾಮ್ ಡಬ್ಬವನ್ನು ಕಿಟಕಿಯ ಬಳಿ ಇಟ್ಟು ಮುಚ್ಚಳ ತೆಗೆದಾಗ ಅಕ್ಕಿಯ ಕಮಟು ವಾಸನೆ ಬಂತು.

"ಯಾವ ದಿನ?"

"ಹದಿನಾಲ್ಕು. ಹುಣ್ಣಿಮೆಗೆ ಮನೇಲಿರಬೇಕು ಅಂತ ಅವತ್ತೇ ವಾಪಸ್ ಹೋದ್ವಿ."

ಹದಿನಾಲ್ಕರ ಫಿಲ್ಮ್ ಸಿಕ್ಕಿತು. ಆರಾರು ಚಿತ್ರದ ಆರು ತುಂಡು. ಲಾಮ್ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದ. ಎಲ್ಲದರಲ್ಲೂ ಗೋಪುರ. ಮದುವೆಯಾದ ಹೊಸಜೋಡಿ, ಗೋಪುರ. ನಾಲ್ವರು ಸೈನಿಕರು, ಗೋಪುರ. ಅಜ್ಜನ ಹೆಗಲ ಮೇಲೆ ಕೂಸು, ಗೋಪುರ. ಮೋಡವಿರಲಿ ಹನಿಯಿರಲಿ, ಅದು ಮಾತ್ರ ಕದಲದೆ, ಎಲ್ಲರ ಕಿವಿಯ ಪಕ್ಕದಲ್ಲಿ. ಕೊನೆಯ ತುಂಡಿನ ಕೊನೆಯ ಚಿತ್ರ ಲುವಾಳದು, ಮಗನದು.

ಅವಳು ಬಗ್ಗಿ ನೋಡಿದಳು. ಫಿಲ್ಮಿನಲ್ಲಿ ಮುಖಗಳು ಕಪ್ಪು, ಕೂದಲು ಬಿಳಿ, ಕಣ್ಣುಗಳ ಜಾಗದಲ್ಲಿ ಬಿಳಿಯ ಚುಕ್ಕಿ.

"ನಾವೇ ಸತ್ತವರ ಹಾಗೆ ಇದೀವಿ," ಎಂದಳು.

"ಮೂವತ್ತಾರು," ಎಂದ ಲಾಮ್. "ಇದು ಮೂವತ್ತಾರನೇದು."

"ಅವಳದ್ದು ಇದರ ಮುಂದಿಂದು."

"ಮುಂದಿಂದು ಇಲ್ಲ ತಂಗಿ. ಒಂದು ಸುರುಳಿಗೆ ಮೂವತ್ತಾರೇ."

"ಒಂದೊಂದು ಸಲ ಒಂದು ಜಾಸ್ತಿ ಬರುತ್ತೆ," ಎಂದ ಖಿಯೆಮ್ ಬಾಗಿಲ ಬಳಿಯಿಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಲುವಾ ತಟ್ಟನೆ ಮುಖ ಎತ್ತಿದಳು. ಲಾಮ್ ತುಂಡಿನ ತುದಿಯನ್ನು ಬೆಳಕಿಗೆ ಹಿಡಿದು ತೋರಿಸಿದ. ಮೂವತ್ತಾರರ ಆಚೆ ಅರ್ಧ ಬೆರಳಿನಷ್ಟು ಬರಿ ಫಿಲ್ಮ್, ಆಮೇಲೆ ಕತ್ತರಿಯ ಗುರುತು. ಬರಿ ಫಿಲ್ಮಿನ ಮೂಲಕ ಕಿಟಕಿಯಾಚೆಯ ತಂತಿ, ತಂತಿಯ ಮೇಲೆ ಒಣಹಾಕಿದ ಯಾರದೋ ಅಂಗಿ ಕಾಣುತ್ತಿತ್ತು.

"ಮಾರನೇ ದಿನದ್ದು ನೋಡಿ ಹಾಗಾದ್ರೆ."

ನೋಡಿದ. ಹದಿನೈದರ ಸುರುಳಿ ಬಿಸಿಲಿನಿಂದ ಶುರುವಾಗಿತ್ತು. ಹುಣ್ಣಿಮೆಯ ದಿನ ಬಿಸಿಲಿತ್ತು, ಲುವಾಳ ಬಸ್ಸು ಹಿಂದಿನ ಸಂಜೆಯೇ ಹೋಗಿತ್ತು. ಆದರೂ ಅವಳು ಆ ಸುರುಳಿಯ ಮೂವತ್ತಾರನ್ನೂ ನೋಡಿದಳು. ಹದಿಮೂರರದ್ದನ್ನೂ ಕೇಳಿ ತೆಗೆಸಿ ನೋಡಿದಳು. ಹನ್ನೆರಡರದ್ದನ್ನೂ.

ಅವಳು ನೋಡುತ್ತಿದ್ದಾಗ ಲಾಮ್‌ನ ಕೈಯಲ್ಲಿ ಮೂವತ್ತಾರನೆಯ ಚಿತ್ರವೇ ಉಳಿದಿತ್ತು. ಅದರ ಮೇಲಿನ ಮೂಲೆಯಲ್ಲಿ ಬಿಲ್ಲಿನ ಹಾಗೆ ಬಾಗಿದ ಬಿಳಿಯ ಗೆರೆಯೊಂದಿತ್ತು. ಫಿಲ್ಮಿನಲ್ಲಿ ಬಿಳಿ, ಅಂದರೆ ನಿಜದಲ್ಲಿ ಕಪ್ಪು. ಲುವಾಳಿಗೆ ಕಳಿಸಿದ ಚಿತ್ರದಲ್ಲಿ ಅದಿರಲಿಲ್ಲ, ಕತ್ತರಿಸಿದ್ದ. ಛತ್ರಿಯ ಅಂಚು.

ಆಗ ನೆನಪಾಯಿತು. ಅವತ್ತೂ ಹೀಗೇ ಹನಿ. ಪಕ್ಕಕ್ಕೆ ನಿಂತ ಹುಡುಗಿ ಸುಮ್ಮನೆ ನಿಂತಿರಲಿಲ್ಲ. ಮರಕ್ಕೆ ಒರಗಿಸಿದ್ದ ಅವನ ಛತ್ರಿ ತೆಗೆದು, ಬಿಚ್ಚಿ, ಕ್ಯಾಮೆರಾ ನೆನೆಯದ ಹಾಗೆ ಅವನ ತಲೆಯ ಮೇಲೆ ಹಿಡಿದಿದ್ದಳು. "ಹಿಡ್ಕೊಂಡಿದೀನಿ ಮಾವ, ನೀವು ತೆಗೀರಿ. ಅಮ್ಮಾ, ನೆಟ್ಟಗೆ ನಿಂತ್ಕೋ, ಗೋಪುರ ನಿನ್ನ ತಲೆ ಮೇಲೆ ಬೆಳೆದ ಹಾಗಿದೆ!" ಎಂದು ಅವನ ಕಿವಿಯ ಹತ್ತಿರವೇ ನಕ್ಕಿದ್ದಳು. ತೆಗೆದ. ಸುರುಳಿ ಮುಗಿಯಿತು. ಸುತ್ತಿ, ಹೊರತೆಗೆದು, ಜೇಬಿಗೆ ಹಾಕಿಕೊಂಡ. ತಾಯಿ ಅಂಗಡಿಯ ಕಡೆ ಹೋದಳು, ಮಗ ಬಸ್ಸಿನ ಕಡೆ. ಹುಡುಗಿ ಛತ್ರಿ ಮಡಚಿ ಮರಕ್ಕೆ ಒರಗಿಸಿ, ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. "ಮಾವ, ನಂದೊಂದು?"

ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹೊಸ ಸುರುಳಿ ಹಾಕಲು ಮಳೆಯಲ್ಲಿ ಐದು ನಿಮಿಷ ಬೇಕು, ಬೆಳಕೂ ಹೋಗುತ್ತಿತ್ತು. ಮುಗಿದಿದೆ ಮಗೂ ಎನ್ನಬಹುದಿತ್ತು. ಆದರೆ ಈಗಾಗಲೇ ಒಮ್ಮೆ ಅವಳನ್ನು ಚಿತ್ರದಿಂದ ಹೊರಗೆ ಕರೆದಿದ್ದ. ಇನ್ನೊಮ್ಮೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಇಂಥದಕ್ಕೆ ಕೆರೆ ದಂಡೆಯಲ್ಲಿ ಒಂದು ಉಪಾಯವಿತ್ತು. ಹಟ ಹಿಡಿಯುವ ಮಕ್ಕಳಿಗೆ, ಕುಡಿದು ಬಂದವರಿಗೆ, ಖಾಲಿ ಕ್ಯಾಮೆರಾ ಎತ್ತಿ ಟಕ್ ಎನ್ನಿಸಿಬಿಡುವುದು. ಗಾಳಿಚಿತ್ರ ಎನ್ನುತ್ತಿದ್ದರು. ಯಾರಿಗೂ ನಷ್ಟವಿಲ್ಲ, ಖುಷಿಯಿಂದ ಹೋಗುತ್ತಾರೆ.

ಲಾಮ್ ಎತ್ತಿದ್ದ. ಟಕ್ ಎನ್ನಿಸಿದ್ದ. ಹುಡುಗಿ ಖುಷಿಯಿಂದ ಹೋಗಿದ್ದಳು.

"ಅವಳದ್ದು ಯಾವುದರಲ್ಲೂ ಇಲ್ಲ," ಎಂದಳು ಲುವಾ, ಕೊನೆಯ ತುಂಡನ್ನು ಡಬ್ಬಕ್ಕೆ ಹಾಕುತ್ತ. ಮತ್ತೆ, "ಹಾಗಾದ್ರೆ ನೀವು ತೆಗೀಲಿಲ್ವಾ?"

"ಫಿಲ್ಮ್ ಮುಗಿದಿತ್ತು."

"ತೆಗೆದ್ರು ಅಂದ್ಲಲ್ಲ. ಟಕ್ ಅಂತ ಸದ್ದು ಬಂತಮ್ಮ, ನಾನು ಕೇಳಿಸ್ಕೊಂಡೆ ಅಂದ್ಲು. ಅವಳು ಸುಳ್ಳು ಹೇಳೋಳಲ್ಲ."

"ಇಲ್ಲ," ಎಂದ ಲಾಮ್. "ಅವಳು ಸುಳ್ಳು ಹೇಳಿಲ್ಲ."

ಕೆಳಗೆ ಓಣಿಯಲ್ಲಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹುಗ್ಗಿ, ಬಿಸಿ ಹುಗ್ಗಿ ಎಂದು ಕೂಗುತ್ತ ಹೋದಳು. ಖಿಯೆಮ್ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಅವನಿಗೆ ಮೊದಲೇ ಗೊತ್ತಾಗಿತ್ತು. ಲುವಾಳಿಗೆ ಗೊತ್ತಾಗುವುದನ್ನು ಲಾಮ್ ನೋಡಿದ. ನಿಧಾನವಾಗಿ, ಮೊದಲು ಕೈಗಳಲ್ಲಿ, ಆಮೇಲೆ ತುಟಿಯಲ್ಲಿ. ಅವಳು ಬೈಯಲಿ ಎಂದು ಕಾದ. ಬೈದರೆ ತಲೆ ತಗ್ಗಿಸಲು ಒಂದು ಕಾರಣವಾದರೂ ಸಿಗುತ್ತಿತ್ತು.

"ಫಿಲ್ಮ್ ಇಲ್ದೆನೂ ಸದ್ದು ಬರುತ್ತಾ?" ಎಂದಳು ಅಷ್ಟೇ.

"ಬರುತ್ತೆ."

ಅವಳು ಹೂಂ ಎಂದಳು. ನೆಲದ ಮೇಲೆ ಕೂತಳು, ಬೆಳಗಿನಿಂದ ಮೊದಲ ಸಲ.

ಖಿಯೆಮ್ ಲಾಮ್‌ನ ತೋಳು ಹಿಡಿದು ಮೆಟ್ಟಿಲ ಬಳಿಗೆ ಎಳೆದ. ದನಿ ತಗ್ಗಿಸಿದ್ದ. "ಲಾಮಣ್ಣ, ಇಷ್ಟೊಂದು ಡಬ್ಬ ಇದೆ. ಅದೇ ವಯಸ್ಸಿನ, ಅದೇ ಥರದ ಹುಡುಗಿ ಒಂದು ಸಿಗಲ್ವಾ? ಸ್ವಲ್ಪ ಮಸುಕಾಗಿ ಪ್ರಿಂಟ್ ಹಾಕು. ತೇವ ಹಿಡಿದಿದೆ ಅನ್ನು. ವರ್ಷ ಆಯ್ತಲ್ಲ, ತಾಯಿಯೇ ಆದ್ರೂ..."

"ಬದುಕಿರೋ ಹುಡುಗಿ ಮುಂದೆ ಊದುಬತ್ತಿ ಹಚ್ಚೋದಾ?"

"ಯಾರಿಗೆ ಗೊತ್ತಾಗುತ್ತೆ?"

"ನಂಗೆ."

"ನಿಂಗೆ ಮೂವರು ನಿಂತ್ರೂ ಭಯ, ಒಬ್ಬಳು ನಿಂತ್ರೂ ಭಯ," ಎಂದ ಖಿಯೆಮ್. "ಭಯ ಇಲ್ದೆ ನೀನು ಮಾಡಿದ್ದು ಆ ಒಂದೇ ಒಂದು ಗಾಳಿಚಿತ್ರ." ಹೇಳಿದ ಮೇಲೆ ಅವನ ಮುಖವೂ ಸಣ್ಣದಾಯಿತು. ಮೆಟ್ಟಿಲಿಳಿದು ಹೋಗಿಬಿಟ್ಟ.

ಲಾಮ್ ಒಳಗೆ ಬಂದಾಗ ಲುವಾ ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ಕೂತಿದ್ದಳು.

"ಅಣ್ಣಾ, ನೀವು ನೋಡಿರ್ತೀರಲ್ಲ. ಕ್ಯಾಮೆರಾದ ಆ ಕಿಂಡಿಯಲ್ಲಿ. ಅವಳು ಹೇಗೆ ನಿಂತಿದ್ಲು? ಅಷ್ಟಾದ್ರೂ ಹೇಳಿ. ಇದ್ದಿಲಿನವರಿಗೆ ಹೋಗಿ ಹೇಳ್ತೀನಿ. ಕಿವಿಯಿಂದ ಆಗಲ್ಲ ಅಂದ ಮೇಲೆ ನಾನು ಮೂಗು, ಹಣೆ ಹೇಳಿದೆ, ಅವರು ಬರೆದ್ರು, ಅದು ನನ್ನ ತಂಗಿ ಥರ ಆಯ್ತು. ನೀವು ಚಿತ್ರದವರು, ನಿಮಗೆ ಸರಿಯಾಗಿ ನೆನಪಿರುತ್ತೆ."

ಲಾಮ್ ಕಣ್ಣು ಮುಚ್ಚಿದ. ಕೆರೆಯ ಕೆಂಪು ಸೇತುವೆಯ ಬುಡ ಬಂತು. ಒದ್ದೆ ಕಲ್ಲು ಬಂತು. ನೀಲಿ ಬಣ್ಣದ ಏನೋ, ಕೊರಳಿಗೆ ಸುತ್ತಿದ್ದು. ಗೋಪುರ ಬಂತು, ಅದರ ಮೂರು ಅಂತಸ್ತು, ಕಮಾನುಗಳ ಸಂಖ್ಯೆ ಸಮೇತ. ಅದರ ಮುಂದೆ ಮುಖವಿರಬೇಕಾದ ಕಡೆ ಏನೂ ಬರಲಿಲ್ಲ. ಅವನು ನೋಡಿರಲಿಲ್ಲ. ಫಿಲ್ಮ್ ಇದ್ದಾಗ ಕಣ್ಣು ನೋಡುತ್ತದೆ, ಬೆಳಕು ಹುಡುಕುತ್ತದೆ, ಗಲ್ಲ ಸ್ವಲ್ಪ ಎತ್ತಿ ಎನ್ನುತ್ತದೆ. ಫಿಲ್ಮ್ ಇಲ್ಲದಾಗ ಎತ್ತುವುದು ಕೈ ಮಾತ್ರ. ಅವನ ಕಣ್ಣು ಬಹುಶಃ ಬಸ್ಸಿನ ಕಡೆ ಇತ್ತು.

ಲುವಾ ಕಾಯುತ್ತಿದ್ದಳು.

"ನಗ್ತಿದ್ಲು," ಎಂದ ಲಾಮ್.

"ಹೌದಾ?" ಅವಳು ಮುಂದಕ್ಕೆ ಬಾಗಿದಳು. "ಹೇಗೆ?"

"ತುಂಬ ಖುಷಿಯಾಗಿ. ಹಲ್ಲು ಕಾಣೋ ಹಾಗೆ."

ಅವಳ ಮುಖದಲ್ಲಿ ಮೂಡಿದ ಆಸೆ ಹಾಗೇ ನಿಂತಿತು, ಆಮೇಲೆ ಹೋಯಿತು.

"ಅವಳ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಚಿಕ್ಕವಳಿದ್ದಾಗ ಒರಳಿನ ಮೇಲೆ ಬಿದ್ದು. ಚಿತ್ರ ಅಂದ್ರೆ ಸಾಕು, ತುಟಿ ಬಿಗಿಯಾಗಿ ಮುಚ್ಕೊಳ್ಳೋಳು. ಗುರುತಿನ ಚೀಟಿಗೆ ತೆಗೆದವರೂ ಬೈದಿದ್ರು, ಯಾಕಮ್ಮ ಜಗಳಕ್ಕೆ ನಿಂತೋಳ ಹಾಗೆ ನಿಂತಿದೀಯ ಅಂತ." ಲಕೋಟೆಯ ಮೂಲೆ ನೇರಮಾಡುತ್ತ ಹೇಳಿದಳು, "ನಿಮಗೂ ನೆನಪಿಲ್ಲ. ಹಾಗಂತ ಹೇಳಿಬಿಡಿ ಅಣ್ಣಾ. ನಂಗೇನೂ ಬೇಜಾರಿಲ್ಲ."

ಅವನು ಕತ್ತರಿ ತೆಗೆದುಕೊಂಡ, ಇಟ್ಟ. ಕೊನೆಗೆ ಮೂವತ್ತಾರನೆಯ ಚಿತ್ರವನ್ನು ಅವಳ ಮುಂದೆ ಹಿಡಿದು ಮೂಲೆಯ ಗೆರೆಯನ್ನು ಬೆರಳಿನಿಂದ ತೋರಿಸಿದ.

"ಇದು ಛತ್ರಿ. ಮಳೆ ಬರ್ತಿತ್ತು. ಇದನ್ನ ಹಿಡಿದಿದ್ದು ಅವಳೇ. ಕೈ ಇದರ ಸ್ವಲ್ಪ ಆಚೆ ಇತ್ತು. ಇದನ್ನ ಪೂರ್ತಿಯಾಗಿ ಪ್ರಿಂಟ್ ಹಾಕಿ ಕೊಡ್ತೀನಿ. ಅವಳದ್ದು ಅಂತ ಇಷ್ಟಾದ್ರೂ..."

ಲುವಾ ಫಿಲ್ಮನ್ನು ಬಹಳ ಹೊತ್ತು ನೋಡಿದಳು. ಕಣ್ಣಿಗೆ ತಾಕುವಷ್ಟು ಹತ್ತಿರ ಹಿಡಿದು ನೋಡಿದಳು.

"ಛತ್ರಿ ನಮ್ಮದಲ್ಲ," ಎಂದಳು. "ನಾವು ಛತ್ರಿ ತಂದಿರ್ಲಿಲ್ಲ. ಇದು ನಿಮ್ಮದು."

ಅವಳು ಎದ್ದಳು. ಮಂಡಿಗೆ ಮೆತ್ತಿದ ಧೂಳು ಕೊಡವಿಕೊಂಡಳು. ಲಕೋಟೆಯನ್ನು ರವಿಕೆಯೊಳಗೆ ಸೇರಿಸಿ, ತಲೆಯ ಬಟ್ಟೆ ಬಿಗಿ ಮಾಡಿಕೊಂಡಳು. ಬಾಗಿಲ ಬಳಿ ನಿಂತು, ಅವನತ್ತ ತಿರುಗದೆ ಕೇಳಿದಳು:

"ಅವತ್ತು ಮೂವರೂ ನಿಂತಿದ್ರೆ ನಡುವೆ ಇರ್ತಿದ್ದೋಳು ನಾನು. ಹಾಗೇ ಅಂತ ಮಾತಾಡ್ಕೊಂಡೇ ನಿಂತಿದ್ವಿ, ಅಮ್ಮ ನಡುವೆ ಅಂತ. ಆಗ ಹೋಗ್ತಿದ್ದೋಳೂ ನಾನೇ, ಅಲ್ವಾ?"

ಲಾಮ್ ಫಿಲ್ಮಿನ ತುಂಡನ್ನು ಡಬ್ಬದೊಳಗೆ ಇಟ್ಟ.

"ಬಿಡಬೇಕಿತ್ತು ಅಣ್ಣಾ ನೀವು," ಎಂದಳು ಲುವಾ. "ಹಾಗೇ ಬಿಡಬೇಕಿತ್ತು."

ಮೆಟ್ಟಿಲಲ್ಲಿ ಅವಳ ಹೆಜ್ಜೆ ಒಂದೊಂದಾಗಿ ಇಳಿಯುವುದು ಕೇಳಿಸಿತು. ಗೋಡೆಗೆ ಅಂಗೈ ಸವರುವ ಸದ್ದೂ.

ಅವನು ಡಬ್ಬಗಳನ್ನು ಮುಚ್ಚಿ ಅವುಗಳ ಜಾಗದಲ್ಲಿ ಇಟ್ಟ. ಮಧ್ಯಾಹ್ನ ಕೆರೆಗೆ ಹೋದ, ಹೋಗದೆ ಬೇರೇನು ಮಾಡಬೇಕೆಂದು ತೋಚಲಿಲ್ಲ. ಹನಿ ನಿಂತಿರಲಿಲ್ಲ. ಖಿಯೆಮ್ ದೂರದಿಂದಲೇ ನೋಡಿ ತನ್ನ ಗಿರಾಕಿಗಳತ್ತ ತಿರುಗಿಕೊಂಡ. ದಕ್ಷಿಣದ ದಂಡೆಯಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಯಾವ ಜಿಲ್ಲೆಯವೋ ಏನೋ, ಎಲ್ಲದರ ಕಿಟಕಿಯಿಂದಲೂ ಜನ ಗೋಪುರವನ್ನು ಬೆರಳಿಟ್ಟು ತೋರಿಸುತ್ತಿದ್ದರು.

ಒಬ್ಬ ಮುದುಕ, ಒಬ್ಬ ಮುದುಕಿ, ಅವರ ಮೊಮ್ಮಗಳಿರಬೇಕು, ಲಾಮ್‌ನ ಮರದ ಕೆಳಗೆ ಬಂದರು. ಮುದುಕ ಟೋಪಿ ತೆಗೆದು ಕೂದಲು ಸರಿಮಾಡಿಕೊಂಡ. ಲಾಮ್ ಕ್ಯಾಮೆರಾದ ಬೆನ್ನು ತೆರೆಯದೆ, ಸುರುಳಿ ಇದೆಯೇ ಎಂದು ಫಿಲ್ಮ್ ಸುತ್ತುವ ಲಿವರಿನ ಬಿಗಿಯಿಂದಲೇ ಎರಡು ಸಲ ಪರೀಕ್ಷಿಸಿದ. ಇತ್ತು.

"ಮೂವರೂ ನಿಲ್ಲಿ," ಎಂದ. ತನ್ನ ದನಿ ತನಗೇ ಹೊಸದೆನಿಸಿತು.

"ಅಯ್ಯೋ, ಬೇಡಪ್ಪ!" ಎಂದಳು ಮುದುಕಿ. "ಒಳ್ಳೆ ಕತೆ! ನೀವೇ ಹೀಗಂದ್ರೆ ಹೇಗೆ?"

ಹುಡುಗಿ ಆಗಲೇ ಈಚೆ ಬಂದಾಗಿತ್ತು. "ಅಜ್ಜ ಅಜ್ಜಿ ಇರ್ಲಿ ಬಿಡಿ ಮಾವ. ನಂದೇನು ಅವಸರ? ಇನ್ನೊಂದ್ಸಲ ಬರ್ತೀನಲ್ಲ."

"ಬಾ ಮಗೂ. ಏನೂ ಆಗಲ್ಲ, ಬಾ. ಇಲ್ಲ, ನಾನೂ ಬರ್ತೀನಿ, ನಾಲ್ವರಾಗ್ತೀವಿ. ಖಿಯೆಮ್! ಇಲ್ಲಿ ಬಾ, ಇದನ್ನ ಹಿಡ್ಕೋ!"

ಖಿಯೆಮ್‌ಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಯೂ ಅವನು ತಿರುಗಲಿಲ್ಲ. ದಕ್ಷಿಣದ ದಂಡೆಯಿಂದ ಹಾರ್ನ್ ಕೇಳಿತು. ಮುದುಕ "ಬೇಗ, ಬೇಗ, ಬಸ್ಸು," ಎಂದ. ಹುಡುಗಿ ಮರದ ಬುಡದಲ್ಲಿದ್ದ ಛತ್ರಿಯನ್ನು ನೋಡಿದಳು. ತೆಗೆದು, ಬಿಚ್ಚಿ, ಅವನ ತಲೆಯ ಮೇಲೆ ಹಿಡಿದಳು.

"ತೆಗೀರಿ ಮಾವ. ನೆನೀತಿದೀರಿ."

ಲಾಮ್ ತಿರುಗಿ ಅವಳ ಮುಖ ನೋಡಲು ಹೋದ. ಛತ್ರಿಯನ್ನು ಅವಳು ಇನ್ನೂ ಸ್ವಲ್ಪ ಕೆಳಗೆ, ಅವನ ಕಡೆಗೇ ಬಾಗಿಸಿದಳು. ಕಪ್ಪು ಬಟ್ಟೆ ಅಡ್ಡ ಬಂತು.